ಆಟ ನೋಡುವಾಗ ಇಲ್ಲದ ದಣಿವು ತೋಟಕ್ಕೆ ಇಳಿದಾಗ ಎಲ್ಲಿಂದ ಬರುತ್ತದೆ?

ಪೆರ್ಲದ ಸೊಸೆ · ಭಾನುವಾರ ರಾತ್ರಿ 9.15

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ ಈಗ 76 ವರ್ಷ. ಮೂರು ವರ್ಷಗಳ ಹಿಂದಿನವರೆಗೂ ತೋಟಕ್ಕೆ ಇಳಿದು ಬಿದ್ದ ಅಡಿಕೆ ಹೆಕ್ಕಿ, ಸೋಗೆ ಎಳೆದು, ಸ್ಪ್ರಿಂಕ್ಲರ್ ಪೈಪು ಬದಲಿಸಿ ಬರುತ್ತಿದ್ದವರು, ಈಗ ಬೆಳಗಿನ ದೋಸೆ, ಚಹಾ ಮುಗಿಸಿ ಅಂಗಳ ದಾಟುವಷ್ಟರಲ್ಲಿ "ಬಚ್ಚಿತು" (ದಣಿವಾಯಿತು) ಎಂದು ಜಗಲಿಗೆ ಮರಳಿ ಕುಳಿತುಬಿಡುತ್ತಾರೆ. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ಎಲ್ಲವೂ ಸರಿಯಾಗಿಯೇ ಇವೆ. ಇಸಿಜಿ, ಎಕೋ ಕೂಡ ಆಗಿದೆ. ಮಂಗಳೂರಿನ ವೈದ್ಯರೊಬ್ಬರು, ವಯಸ್ಸಾದಂತೆ ಮೆದುಳಿನ ಕೆಲವು ರಾಸಾಯನಿಕಗಳು ಇಳಿಯುತ್ತವೆ, ಅದರಿಂದಲೂ ದಣಿವು ಬರುತ್ತದೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದಿನ ಚೀಟಿಯವರನ್ನು ಕರೆದರು.

ನಮಗೆ ಅರ್ಥವಾಗದ ಸಂಗತಿ ಬೇರೆಯೇ ಇದೆ. ಕಳೆದ ತಿಂಗಳು ಊರಿನಲ್ಲಿ ಯಕ್ಷಗಾನ ಬಯಲಾಟವಿತ್ತು. ಹಗಲಿಡೀ ಎದ್ದು ಕೂರಲಾರದ ಇದೇ ಮಾವನವರು, ರಾತ್ರಿ ಮುಂಡಾಸು ಸುತ್ತಿಕೊಂಡು ಗದ್ದೆಗೆ ಹೋಗಿ ಕುರ್ಚಿಯಲ್ಲಿ ಕುಳಿತವರು ಮಂಗಳ ಹಾಡುವವರೆಗೆ ಏಳಲಿಲ್ಲ. ಆಮೇಲೆ ಮನೆಯವರ ಬಾಯಿಗೆ ತಡೆಯೇ ಇಲ್ಲದಂತಾಗಿದೆ. ತೋಟವೆಂದರೆ ದಣಿವು, ಆಟವೆಂದರೆ ಚೈತನ್ಯ, ಇದು ಬರಿಯ ನಾಟಕ ಎಂಬುದು ನಮ್ಮವರ ವಾದ. ನನಗೆ ಹಾಗೆ ಅನ್ನಿಸುವುದಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಮುಳ್ಳೇರಿಯದ ಮಾಷ್ಟ್ರು · ರಾತ್ರಿ 9.32

ನನಗೆ 79. ದಣಿವಾಗುತ್ತದೆ. ನನ್ನ ತಂದೆಗೂ ಆಗುತ್ತಿತ್ತು. ಅದಕ್ಕೆ ಅವರು ವಯಸ್ಸು ಎನ್ನುತ್ತಿದ್ದರು, ನೀವು ರಾಸಾಯನಿಕ ಎನ್ನುತ್ತೀರಿ. ಹೆಸರು ಬದಲಾಯಿತೇ ಹೊರತು ಮತ್ತೇನೂ ಆದಂತೆ ಕಾಣಿಸುವುದಿಲ್ಲ.

ಕುಂಬಳೆಯ ದಾದಿ · ರಾತ್ರಿ 9.58

ಮಾಷ್ಟ್ರೇ, ಮೂವತ್ತು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ದುಡಿದವಳಾಗಿ ನಿಮ್ಮ ಮಾತನ್ನು ಒಪ್ಪಲಾರೆ. "ವಯಸ್ಸಾಯಿತು" ಎಂಬ ಒಂದು ಮಾತಿನ ಅಡಿಯಲ್ಲಿ ಎಷ್ಟು ವಾಸಿಯಾಗುವ ಕಾಯಿಲೆಗಳು ಮುಚ್ಚಿಹೋಗುತ್ತವೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಅಕ್ಕಾ, ನೀವು ಹೇಳಿದ ಪಟ್ಟಿಯಲ್ಲಿ ಸೋಡಿಯಂ (ಉಪ್ಪಿನ ಅಂಶ) ಇಲ್ಲ, ವಿಟಮಿನ್ ಬಿ12 ಇಲ್ಲ. ರಕ್ತದಲ್ಲಿ ಸೋಡಿಯಂ ಪ್ರತಿ ಲೀಟರಿಗೆ 135ರಿಂದ 145 ಮಿಲಿಈಕ್ವಿವಲೆಂಟ್ ಇರಬೇಕು. ಅದು ಇಳಿದರೆ ನೀರು ಮೆದುಳಿನ ಕೋಶಗಳ ಒಳಕ್ಕೆ ಸರಿದು ಅವು ಊದಿಕೊಳ್ಳುತ್ತವೆ. ಮೊದಲಿಗೆ ಕಾಣಿಸುವುದು ಮಂಕುತನ ಮತ್ತು ಸುಸ್ತು ಮಾತ್ರ. ನಮ್ಮ ಅಮ್ಮನಿಗೆ ರಕ್ತದೊತ್ತಡವೆಂದು ತಟ್ಟೆಯಿಂದ ಉಪ್ಪಿನಕಾಯಿಯನ್ನೂ ಎತ್ತಿಬಿಟ್ಟಿದ್ದೆವು, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ ಬೇರೆ ಇತ್ತು. ತಿಂಗಳುಗಟ್ಟಲೆ "ಆಗುವುದಿಲ್ಲ, ಆಗುವುದಿಲ್ಲ" ಎನ್ನುತ್ತಿದ್ದರು. ಒಂದು ದಿನ ಅಡಿಕೆ ಸುಲಿಯಲು ಕುಳಿತವರು ಸಿಪ್ಪೆಯನ್ನು ಬುಟ್ಟಿಗೂ ಅಡಿಕೆಯನ್ನು ಹೊರಕ್ಕೂ ಹಾಕುತ್ತಿರುವುದನ್ನು ಕಂಡು ಹೆದರಿ ಕರೆದುಕೊಂಡು ಹೋದೆವು. ಸೋಡಿಯಂ 118 ಇತ್ತು. ದಾದಿಯಾದ ನಾನೇ ಮನೆಯಲ್ಲಿದ್ದು ಅದನ್ನು ಗುರುತಿಸಲಿಲ್ಲ ಎಂಬುದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಉಪ್ಪಳದ ಓದುಗ · ರಾತ್ರಿ 10.04

ಹಾಗಾದರೆ ಗಂಜಿಗೆ ಒಂದು ಚಮಚ ಉಪ್ಪು ಜಾಸ್ತಿ ಹಾಕಿದರೆ ಆಯಿತಲ್ಲ?

ಕುಂಬಳೆಯ ದಾದಿ · ರಾತ್ರಿ 10.11

ಆಗುವುದಿಲ್ಲ. ಎಷ್ಟೋ ಸಲ ಕೊರತೆ ಉಪ್ಪಿನದಲ್ಲ, ಹೆಚ್ಚಾದದ್ದು ನೀರು. ಆಗ ಕುಡಿಯುವ ನೀರನ್ನೇ ಅಳೆದು ಕೊಡಬೇಕಾಗುತ್ತದೆ. ಕಾರಣ ತಿಳಿಯದೆ ಉಪ್ಪು ಸುರಿದರೆ ಹೃದಯ ದುರ್ಬಲವಾಗಿರುವವರಿಗೆ ಉಸಿರಾಟಕ್ಕೇ ಕಷ್ಟವಾದೀತು.

ನೀರ್ಚಾಲಿನವ, ಈಗ ಬೆಂಗಳೂರು · ರಾತ್ರಿ 11.20

ನಾನು ನರವಿಜ್ಞಾನದ ವಿದ್ಯಾರ್ಥಿ, ಚಿಕಿತ್ಸೆ ಕೊಡುವ ವೈದ್ಯನಲ್ಲ. ಆ ಮಿತಿಯೊಳಗೆ, ಅಕ್ಕ ಕೇಳಿದ ಮುಖ್ಯ ಪ್ರಶ್ನೆಗೆ ಉತ್ತರಿಸಲು ಪ್ರಯತ್ನಿಸುತ್ತೇನೆ.

ದಣಿವು ಸ್ನಾಯುವಿನಲ್ಲಿ ಮಾತ್ರ ಹುಟ್ಟುವುದಿಲ್ಲ. ಒಂದು ಕೆಲಸಕ್ಕೆ ಕೈಹಾಕುವ ಮೊದಲು ಮೆದುಳು ಒಂದು ಲೆಕ್ಕ ಹಾಕುತ್ತದೆ. ಈ ಧಾರಣೆಗೆ (ಮಾರುಕಟ್ಟೆಯ ಬೆಲೆಗೆ) ಕೂಲಿ ಕೊಟ್ಟು ಕೊಯ್ಯಿಸಿದರೆ ಗಿಟ್ಟುತ್ತದೆಯೇ ಎಂದು ನಮ್ಮ ಹಿರಿಯರು ಪ್ರತಿ ಕೊಯ್ಲಿಗೂ ಯೋಚಿಸುವುದಿಲ್ಲವೇ? ಹಾಗೆಯೇ ಇದು. ಆ ಲೆಕ್ಕದಲ್ಲಿ ಮೆದುಳಿನ ರಾಸಾಯನಿಕವಾದ ಡೋಪಮಿನ್‌ನ ಪಾತ್ರ ದೊಡ್ಡದು. ಡೋಪಮಿನ್ ಎಂದರೆ ಸುಖದ ರಸ ಎಂದು ಎಲ್ಲೆಡೆ ಬರೆಯುತ್ತಾರೆ, ಅದು ಅರ್ಧ ಸತ್ಯ. ಫಲಕ್ಕಾಗಿ ಶ್ರಮಪಡುವ ಮನಸ್ಸನ್ನು ಎಬ್ಬಿಸುವುದು ಅದರ ಇನ್ನೊಂದು ಕೆಲಸ, ಪ್ರಾಯಶಃ ಹೆಚ್ಚು ಮುಖ್ಯವಾದ ಕೆಲಸ. ಡೋಪಮಿನ್ ತಗ್ಗಿಸಿದ ಇಲಿಗಳು ಎದುರಿಗಿಟ್ಟ ಆಹಾರವನ್ನು ಹಿಂದಿನಂತೆಯೇ ತಿನ್ನುತ್ತವೆ, ಆದರೆ ಇನ್ನೂ ರುಚಿಯಾದದ್ದಕ್ಕಾಗಿ ತಡೆಗೋಡೆ ಹತ್ತಬೇಕೆಂದರೆ ಹಿಂದೆ ಸರಿಯುತ್ತವೆ.

ವಯಸ್ಕರಾದ ಮೇಲೆ ಮೆದುಳಿನ ಡೋಪಮಿನ್ ಗ್ರಾಹಕಗಳು (ಕೋಶಗಳ ಮೇಲೆ ಅದನ್ನು ಹಿಡಿದುಕೊಳ್ಳುವ ತಾಣಗಳು) ದಶಕಕ್ಕೆ ಸರಿಸುಮಾರು ಶೇಕಡಾ 5ರಿಂದ 10ರಷ್ಟು ಇಳಿಯುತ್ತಾ ಹೋಗುತ್ತವೆ. ಇಳಿದಷ್ಟೂ ಲೆಕ್ಕದಲ್ಲಿ ಶ್ರಮದ ಬದಿ ಭಾರವಾಗುತ್ತದೆ. ಅಂಗಳದಿಂದ ತೋಟಕ್ಕಿರುವ ನಲವತ್ತು ಮೆಟ್ಟಿಲು ನಾನೂರರಂತೆ ಕಾಣಿಸುತ್ತದೆ. ಅದು ನಟನೆಯಲ್ಲ, ಅವರಿಗೆ ನಿಜವಾಗಿಯೂ ಹಾಗೆಯೇ ತೋರುತ್ತದೆ. ಚೆಂಡೆಯ ಪೆಟ್ಟು ಕಿವಿಗೆ ಬಿದ್ದಾಗ ಫಲದ ಬದಿ ತೂಗುತ್ತದೆ, ಅಲ್ಲದೆ ಕುರ್ಚಿಯಲ್ಲಿ ಕುಳಿತವರಿಗೆ ಶ್ರಮವೂ ಅಷ್ಟಿಲ್ಲ. ಆದ್ದರಿಂದ ಆಟಕ್ಕೆ ಹೋದದ್ದನ್ನು ದಣಿವು ಸುಳ್ಳೆಂಬುದಕ್ಕೆ ಸಾಕ್ಷಿಯಾಗಿ ಹಿಡಿಯಬಾರದು.

ಡೋಪಮಿನ್ ಒಂದೇ ಅಲ್ಲ. ಮೆದುಳುಕಾಂಡದಲ್ಲಿ ಬರಿಗಣ್ಣಿಗೆ ನೀಲಿಯಾಗಿ ಕಾಣುವ ಪುಟ್ಟದೊಂದು ಚುಕ್ಕೆಯಿದೆ. ಅಲ್ಲಿನ ಹತ್ತಾರು ಸಾವಿರ ಕೋಶಗಳಷ್ಟೇ ಇಡೀ ಮೆದುಳಿಗೆ ನಾರ್‌ಅಡ್ರಿನಲಿನ್ ಒದಗಿಸಿ ನಮ್ಮನ್ನು ಎಚ್ಚರವಾಗಿಡುತ್ತವೆ. ಮುಪ್ಪಿನಲ್ಲಿ ಸವೆಯುವ ಜಾಗಗಳಲ್ಲಿ ಅದೂ ಒಂದು. 1998ರಲ್ಲಿ ಪತ್ತೆಯಾದ ಒರೆಕ್ಸಿನ್ ಎಂಬ ಇನ್ನೊಂದು ರಾಸಾಯನಿಕ ಎಚ್ಚರವನ್ನು ಹಿಡಿದಿಡುತ್ತದೆ. ಅಡೆನೊಸಿನ್ ಎಂಬುದು ಎಚ್ಚರವಾಗಿದ್ದಷ್ಟು ಹೊತ್ತು ಕೂಡುತ್ತಾ ಹೋಗಿ ನಿದ್ದೆಗೆ ಎಳೆಯುತ್ತದೆ. ಚಹಾ, ಕಾಪಿ ಮಾಡುವುದು ಅದರ ಗ್ರಾಹಕಗಳಿಗೆ ಅಡ್ಡ ನಿಲ್ಲುವ ಕೆಲಸವಷ್ಟೇ, ಸಾಲ ತೀರಿಸುವುದಿಲ್ಲ, ವಸೂಲಿಗಾರನನ್ನು ಬಾಗಿಲಲ್ಲಿ ತಡೆಯುತ್ತದೆ.

ಮುಳ್ಳೇರಿಯದ ಮಾಷ್ಟ್ರು · ಸೋಮವಾರ ಬೆಳಗ್ಗೆ 5.50

ಬರಹ ಚೆನ್ನಾಗಿದೆ, ಆದರೆ ಒಂದು ತಿದ್ದುಪಡಿ. ಆಟಕ್ಕೆ ಹೋದವರು ಇಡೀ ರಾತ್ರಿ ಎಚ್ಚರವಾಗಿರುತ್ತಾರೆ ಎಂದು ನಿಮಗೆ ಹೇಳಿದವರು ಯಾರು? ಐವತ್ತು ವರ್ಷದಿಂದ ಆಟ ನೋಡುತ್ತಿದ್ದೇನೆ. ಅರ್ಧ ಪ್ರಸಂಗ ಕಣ್ಣು ಮುಚ್ಚಿಯೇ ಸಾಗುತ್ತದೆ, ಮಹಿಷಾಸುರ ದೊಂದಿ ಹಿಡಿದು ಗದ್ದೆಯ ಆಚೆಯಿಂದ ಬೊಬ್ಬೆ ಹೊಡೆಯುತ್ತಾ ಬರುವಾಗ ಮಾತ್ರ ಎಲ್ಲರಿಗೂ ಎಚ್ಚರವಾಗುತ್ತದೆ. ಪೆರ್ಲದ ಆ ಹಿರಿಯರು ಮನೆಯಲ್ಲಿ ನಿದ್ದೆ ಬಾರದ್ದಕ್ಕೆ ಗದ್ದೆಗೆ ಹೋಗಿ ನಿದ್ದೆ ಮಾಡಿರಲೂಬಹುದು.

ಉಪ್ಪಳದ ಓದುಗ · ಬೆಳಗ್ಗೆ 7.10

ಬಾಳೆಹಣ್ಣಿನಲ್ಲಿ ಡೋಪಮಿನ್ ಧಾರಾಳವಾಗಿದೆ ಎಂದು ಓದಿದ್ದೇನೆ. ದಿನಕ್ಕೆರಡು ನೇಂದ್ರ ಕೊಟ್ಟರೆ ಹೇಗೆ?

ನೀರ್ಚಾಲಿನವ, ಈಗ ಬೆಂಗಳೂರು · ಬೆಳಗ್ಗೆ 7.45

ಬಾಳೆಹಣ್ಣಿನಲ್ಲಿ ಇರುವುದು ನಿಜ, ಸಿಪ್ಪೆಯಲ್ಲಿ ಇನ್ನೂ ಹೆಚ್ಚು. ಆದರೆ ರಕ್ತಕ್ಕೂ ಮೆದುಳಿಗೂ ನಡುವೆ ಒಂದು ತಡೆಯಿದೆ, ತಲಪಾಡಿಯ ಕರ್ನಾಟಕ-ಕೇರಳ ಗಡಿಯಂತೆ ಎನ್ನಿ. ಡೋಪಮಿನ್ ಆ ಗಡಿ ದಾಟುವುದಿಲ್ಲ. ದೇಹದ ಇನ್ನೊಂದು ಸಂದೇಶವಾಹಕವಾದ ಸೆರೊಟೊನಿನ್‌ನಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಕರುಳಿನಲ್ಲೇ ಇದ್ದರೂ ಅದೂ ದಾಟುವುದಿಲ್ಲ. ಮೆದುಳು ತನಗೆ ಬೇಕಾದುದನ್ನು ಅಮೈನೊ ಆಮ್ಲಗಳಿಂದ ಒಳಗೇ ತಯಾರಿಸಿಕೊಳ್ಳಬೇಕು. ನೇಂದ್ರ ತಿನ್ನಿ, ತಪ್ಪಿಲ್ಲ. ಡೋಪಮಿನ್ ಸಲುವಾಗಿ ಬೇಡ.

ಅಡೂರಿನ ಗಿಡಮೂಲಿಕೆ · ಬೆಳಗ್ಗೆ 9.05

ಗಡಿ ದಾಟುವ ವಸ್ತು ನಮ್ಮ ಬೇಲಿಯಲ್ಲೇ ಇದೆ. ನಸುಗುನ್ನಿ, ಮಲಯಾಳಿಗಳು ನಾಯ್ಕುರಣ ಎನ್ನುತ್ತಾರೆ, ತಗಲಿದರೆ ಮೈಯೆಲ್ಲಾ ತುರಿಕೆ. ಅದರ ಬೀಜದಲ್ಲಿ, ಮೆದುಳಿನೊಳಗೆ ಡೋಪಮಿನ್ ಆಗುವ ಎಲ್-ಡೋಪಾ ಇದೆಯೆಂದು 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ವಿಜ್ಞಾನಿಗಳೇ ಬೇರ್ಪಡಿಸಿ ತೋರಿಸಿದರು. ಪಾರ್ಕಿನ್ಸನ್ ಕಾಯಿಲೆಯವರ ಮೆದುಳಿನಲ್ಲಿ ಡೋಪಮಿನ್ ಬರಿದಾಗಿರುತ್ತದೆ ಎಂದು ವಿಯೆನ್ನಾದಲ್ಲಿ ಗೊತ್ತಾದದ್ದು ಅದಾದ ಎಷ್ಟೋ ವರ್ಷಗಳ ಮೇಲೆ, 1960ರಲ್ಲಿ. ಹಾಲಿನಲ್ಲಿ ಬೇಯಿಸಿ ಶುದ್ಧಿ ಮಾಡಿದ ಬೀಜದ ಪುಡಿಯನ್ನು ನಮ್ಮ ಅಜ್ಜ ಬಲಕ್ಕೆಂದು ಕೊಡುತ್ತಿದ್ದರು.

ಬದಿಯಡ್ಕದ ಮೆಡಿಕಲ್ ಅಂಗಡಿ · ಬೆಳಗ್ಗೆ 9.40

ಅಜ್ಜನವರ ಮೇಲೆ ಗೌರವವಿದೆ. ಆದರೆ ನೀವೇ ಹೇಳಿದಂತೆ ಅದು ಔಷಧ, ಬರಿಯ ಬಲದ ಪುಡಿಯಲ್ಲ. ಒಂದು ಚಮಚದಲ್ಲಿ ಎಷ್ಟು ಎಲ್-ಡೋಪಾ ಇದೆ ಎಂಬ ಅಳತೆಯಿಲ್ಲದೆ 76ರ ಹಿರಿಯರಿಗೆ ಕೊಟ್ಟರೆ, ಎದ್ದು ನಿಂತಾಗ ರಕ್ತದೊತ್ತಡ ಕುಸಿದು ಬಿದ್ದಾರು. ಈಗಾಗಲೇ ರಕ್ತದೊತ್ತಡದ ಮಾತ್ರೆ ತಿನ್ನುವವರಾದರೆ ಅಪಾಯ ಇನ್ನೂ ಹೆಚ್ಚು. ತೊಡೆಯ ಮೂಳೆ ಮುರಿದ ಮೇಲೆ ದಣಿವಿನ ಚರ್ಚೆಗೆ ಅವಕಾಶವೇ ಉಳಿಯುವುದಿಲ್ಲ.

ಇಷ್ಟು ಹೊತ್ತಾದರೂ ಯಾರೂ ಕೇಳದ ಪ್ರಶ್ನೆಯೊಂದಿದೆ. ಅಕ್ಕಾ, ಮಾವನವರು ಈಗ ಯಾವ ಯಾವ ಮಾತ್ರೆ ತಿನ್ನುತ್ತಿದ್ದಾರೆ? ವೈದ್ಯರು ಬರೆದುಕೊಟ್ಟವು ಮಾತ್ರವಲ್ಲ, ನಮ್ಮಂಥ ಅಂಗಡಿಗಳಿಂದ ಕೇಳಿ ತಂದವೂ ಸೇರಬೇಕು. ಶೀತಕ್ಕೂ ತುರಿಕೆಗೂ ತಿನ್ನುವ ಕ್ಲೋರ್‌ಫೆನಿರಮಿನ್, ಮೆದುಳನ್ನು ಎಚ್ಚರವಾಗಿಡುವ ಹಿಸ್ಟಮಿನ್‌ಗೆ ಅಡ್ಡ ಬರುತ್ತದೆ, ಅಸಿಟೈಲ್‌ಕೋಲಿನ್‌ಗೂ ಅಡ್ಡ ಬಂದು ನೆನಪನ್ನು ಮಂಕು ಮಾಡುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದರೆ ಬಿ12 ಇಳಿಯಬಹುದು. ಹೃದಯಬಡಿತ ತಗ್ಗಿಸುವ ಕೆಲವು ಮಾತ್ರೆಗಳಿಂದಲೂ ಸುಸ್ತು ಬರುತ್ತದೆ. ಮೆದುಳಿನ ರಸಾಯನ ತಾನಾಗಿ ಕೆಡುವುದಕ್ಕಿಂತ ನಾವೇ ಕೆಡಿಸುವುದು ಹೆಚ್ಚು ಎಂಬುದು ಗಲ್ಲಾದ ಈಚೆ ನಿಂತು ನಾನು ಕಂಡ ಸತ್ಯ, ಮಾರುವವನೂ ನಾನೇ ಎಂಬ ಮುಜುಗರದೊಂದಿಗೇ ಹೇಳುತ್ತಿದ್ದೇನೆ.

ಎಣ್ಮಕಜೆಯ ಕೃಷಿಕ · ಬೆಳಗ್ಗೆ 11.15

ಎಲ್ಲರೂ ದೂರದ ಮಾತು ಆಡುತ್ತಿದ್ದೀರಿ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಕಾಸರಗೋಡಿನ ನಮ್ಮ ತಲೆಯ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಮರೆತಿರಾ? ಗೇರುತೋಟದ ಕೆಳಗಿನ ತೋಡಿನ ನೀರು ಕುಡಿದು ಬೆಳೆದವರಿಗೆ ದಣಿವು ಬಾರದೆ ಮತ್ತೇನು ಬಂದೀತು?

ನಿರ್ವಾಹಕ · ಬೆಳಗ್ಗೆ 11.50

ಅಣ್ಣಾ, ಮರೆತವರು ಇಲ್ಲಿ ಯಾರೂ ಇಲ್ಲ. ಮೆದುಳಿನ ರಸಾಯನದ ವಿಷಯವಾದ್ದರಿಂದ ಇದು ಚರ್ಚೆಯ ಹೊರಗಿನ ಮಾತೂ ಅಲ್ಲ. ಎಂಡೋಸಲ್ಫಾನ್ ಗಾಬಾ ಎಂಬ ನಿಯಂತ್ರಕ ರಾಸಾಯನಿಕದ ಕೆಲಸಕ್ಕೆ ತಡೆಯೊಡ್ಡುತ್ತದೆ, ಹೆಚ್ಚು ಪ್ರಮಾಣದಲ್ಲಿ ದೇಹ ಸೇರಿದರೆ ಅಪಸ್ಮಾರದಂಥ ಸೆಳವು ಬರುವುದು ಆ ಕಾರಣದಿಂದ. 2011ರಲ್ಲಿ ಸುಪ್ರೀಂ ಕೋರ್ಟು ದೇಶಾದ್ಯಂತ ಅದನ್ನು ತಡೆಯಿತು. ಆದರೆ ನಮ್ಮ ಕಡೆಯ ಪ್ರತಿಯೊಬ್ಬ ವೃದ್ಧರ ದಣಿವನ್ನೂ ಅದರ ತಲೆಗೆ ಕಟ್ಟಿದರೆ, ನಿಜವಾಗಿ ನೊಂದ ಮನೆಗಳ ಮಾತಿನ ತೂಕವೇ ಇಳಿದುಹೋಗುತ್ತದೆ. ಅದನ್ನು ಬೇರೆಯಾಗಿಯೇ ಚರ್ಚಿಸೋಣ.

ನೀರ್ಚಾಲಿನವ, ಈಗ ಬೆಂಗಳೂರು · ಮಧ್ಯಾಹ್ನ 12.30

ನಿರ್ವಾಹಕರ ಮಾತಿಗೆ ಒಂದು ಸಾಲು ಸೇರಿಸುತ್ತೇನೆ. ಪ್ಯಾರಾಕ್ವಾಟ್, ರೋಟೆನೋನ್‌ನಂಥ ಕೃಷಿ ವಿಷಗಳ ಒಡನಾಟಕ್ಕೂ ಪಾರ್ಕಿನ್ಸನ್ ಕಾಯಿಲೆಗೂ ನಂಟಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಹೀಗಾಗಿ ಅಕ್ಕನಲ್ಲಿ ಒಂದು ಪ್ರಶ್ನೆ, ಹೆದರಿಸುವ ಉದ್ದೇಶದಿಂದಲ್ಲ. ಪಾರ್ಕಿನ್ಸನ್ ಎಂದರೆ ಕೈ ನಡುಗುವುದು ಎಂದಷ್ಟೇ ಜನ ತಿಳಿದಿದ್ದಾರೆ. ನಡುಕ ಕಾಣುವ ಮೊದಲೇ ದಣಿವು, ಮಲಬದ್ಧತೆ, ವಾಸನೆ ತಿಳಿಯದಿರುವುದು ಬರಬಹುದು. ನಡೆಯುವಾಗ ಒಂದು ಕೈ ಬೀಸದೆ ಹಾಗೆಯೇ ಇರುತ್ತದೆ, ಅಕ್ಷರ ಕಿರಿದಾಗುತ್ತದೆ. ಮಾವನವರು ಅಡಿಕೆಯ ಲೆಕ್ಕ ಬರೆಯುವ ಪುಸ್ತಕ ಇಟ್ಟಿದ್ದರೆ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಇಟ್ಟು ನೋಡಿ.

ಮಂಜೇಶ್ವರದ ಅಕ್ಕ · ಮಧ್ಯಾಹ್ನ 2.05

ಎಲೆ ಅಡಿಕೆಯ ಮಾತು ಯಾರೂ ಎತ್ತಲಿಲ್ಲ. ನಮ್ಮ ಅತ್ತೆ ಬಾಯಿಗೆ ಒಂದು ವೀಳ್ಯ ಬಿದ್ದರೆ ಮತ್ತೆ ಎರಡು ಗಂಟೆ ಕೆಲಸ ಮಾಡುತ್ತಿದ್ದರು.

ನೀರ್ಚಾಲಿನವ, ಈಗ ಬೆಂಗಳೂರು · ಮಧ್ಯಾಹ್ನ 2.40

ಅದಕ್ಕೂ ರಸಾಯನದ ಕಾರಣವಿದೆ, ಅಕ್ಕಾ. ಅಡಿಕೆಯಲ್ಲಿರುವ ಅರೆಕೊಲಿನ್ ಅಸಿಟೈಲ್‌ಕೋಲಿನ್‌ನ ವೇಷ ಹಾಕಿ ಅದರ ಗ್ರಾಹಕಗಳನ್ನು ಎಬ್ಬಿಸುತ್ತದೆ. ಹಚ್ಚಿದ ಸುಣ್ಣ ಅದನ್ನು ಅರೆಕೈಡಿನ್ ಆಗಿ ಮಾರ್ಪಡಿಸುತ್ತದೆ, ಅದು ಗಾಬಾದ ಮೇಲೆ ಪ್ರಭಾವ ಬೀರುವ ವಸ್ತು. ಆದರೆ ಅಡಿಕೆ ಬಾಯಿಯ ಕ್ಯಾನ್ಸರ್‌ಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ದಣಿವಿಗೆ ಇದು ಮದ್ದಾಗಲಾರದು.

ಎಣ್ಮಕಜೆಯ ಕೃಷಿಕ · ಮಧ್ಯಾಹ್ನ 2.48

ಅಡಿಕೆ ಮಾರಿ ಓದಿದ ಹುಡುಗ ಅಡಿಕೆಯ ಹೊಟ್ಟೆಗೇ ಹೊಡೆಯುತ್ತಿದ್ದಾನೆ.

ನೀರ್ಚಾಲಿನವ, ಈಗ ಬೆಂಗಳೂರು · ಮಧ್ಯಾಹ್ನ 2.52

ಬೆಳೆಯಬೇಡಿ ಎನ್ನಲಿಲ್ಲ, ಮಾವಾ. ಜಗಿಯಬೇಡಿ ಎಂದೆ.

ಕುಂಬಳೆಯ ದಾದಿ · ಸಂಜೆ 4.30

ಭಾಷೆಯಿಂದ ಆಗುವ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಕೇರಳಕ್ಕೆ ಸೇರಿದ ಇಲ್ಲಿಯ ವೈದ್ಯರು ಮಲಯಾಳದಲ್ಲಿ "ಕ್ಷೀಣಮುಂಡೋ" ಎಂದು ಕೇಳುತ್ತಾರೆ. ಅವರ ಭಾಷೆಯಲ್ಲಿ ಅದು ದಣಿವು. ಕನ್ನಡದ ಅಜ್ಜನಿಗೆ ಕ್ಷೀಣವೆಂದರೆ ಮೈ ಸೊರಗುವುದು. ಒಬ್ಬರು ತಮ್ಮ ತೋಳನ್ನೊಮ್ಮೆ ಹಿಡಿದು ನೋಡಿಕೊಂಡು, "ಇಲ್ಲ, ಹಾಗೆಯೇ ಇದ್ದೇನೆ" ಎಂದರು. ವೈದ್ಯರು ದಣಿವಿಲ್ಲವೆಂದು ಬರೆದುಕೊಂಡರು. ನಾನು ನಡುವೆ ಬಾಯಿ ಹಾಕದಿದ್ದರೆ ಅವರು ಬಂದ ಕಾರಣವೇ ಕಡತದಿಂದ ಮಾಯವಾಗುತ್ತಿತ್ತು. ಆದ್ದರಿಂದ "ದಣಿವು" ಎಂಬ ಪದವನ್ನೇ ನೆಚ್ಚಬೇಡಿ. ತೂಕಡಿಕೆ ಬರುತ್ತದೆಯೇ, ಮೆಟ್ಟಿಲು ಹತ್ತಿದರೆ ಏದುಸಿರೇ, ಕಾಲು ಎತ್ತಲಾಗುವುದಿಲ್ಲವೇ, ಅಥವಾ ಎಲ್ಲವೂ ಸರಿಯಿದ್ದು ಮನಸ್ಸೇ ಏಳುವುದಿಲ್ಲವೇ ಎಂದು ಬಿಡಿಸಿ ಹೇಳಿ. ಕೊನೆಯದು ಖಿನ್ನತೆಯೂ ಇರಬಹುದು. ಆದರೆ ಖಿನ್ನತೆಯಲ್ಲಿ ಆಟದ ಮೇಲಿನ ಆಸೆಯೂ ಹೋಗುವುದೇ ಹೆಚ್ಚು.

ಮುಳ್ಳೇರಿಯದ ಮಾಷ್ಟ್ರು · ಸಂಜೆ 5.20

ದಾದಿಯಮ್ಮ ಹೇಳಿದ ನಾಲ್ಕರಲ್ಲಿ ನನ್ನದು ಮೊದಲನೆಯದು. ಚಿಕುನ್‌ಗುನ್ಯಾ ಬಂದು ಹೋದ ಮೇಲೆ ಶುರುವಾದದ್ದು ಇನ್ನೂ ಬಿಟ್ಟಿಲ್ಲ. ಜ್ವರ ಹೋದ ಮೇಲೂ ಉಳಿಯುವುದು ಏತಕ್ಕೆ? ವಾದಕ್ಕಲ್ಲ, ತಿಳಿಯಲು ಕೇಳುತ್ತಿದ್ದೇನೆ.

ನೀರ್ಚಾಲಿನವ, ಈಗ ಬೆಂಗಳೂರು · ಸಂಜೆ 6.15

ಮಾಷ್ಟ್ರೇ, ಸೋಂಕು ತಗಲಿದಾಗ ದೇಹ ಸೈಟೊಕೈನ್ ಎಂಬ ಉರಿಯೂತದ ಸಂದೇಶವಾಹಕಗಳನ್ನು ಹೊರಡಿಸುತ್ತದೆ. "ಮಲಗು, ಅಲ್ಲಿಂದಿಲ್ಲಿಗೆ ಓಡಾಡಬೇಡ, ಶಕ್ತಿ ಉಳಿಸು" ಎಂದು ಮೆದುಳಿಗೆ ಹೇಳುವವು ಅವೇ. ಜ್ವರದ ದಿನ ಹಾಸಿಗೆ ಬಿಡಲಾಗದಿರುವುದು ದೇಹದ ದೌರ್ಬಲ್ಯಕ್ಕಿಂತ ಹೆಚ್ಚಾಗಿ ಮೆದುಳಿನ ಅಪ್ಪಣೆ. ಮುಪ್ಪಿನಲ್ಲಿ ಸೋಂಕಿಲ್ಲದಿದ್ದರೂ ಈ ಉರಿ ಸಣ್ಣಗೆ ಹೊಗೆಯಾಡುತ್ತಲೇ ಇರುತ್ತದೆ. 2000ದಲ್ಲಿ ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ ಮತ್ತು ಸಂಗಡಿಗರು ಇದನ್ನು ಮುಪ್ಪಿನ ಉರಿಯೂತವೆಂಬ ಅರ್ಥದ ಹೆಸರಿನಿಂದ ಕರೆದರು. ಈ ಉರಿಯೂತ, ಸೆರೊಟೊನಿನ್ ಆಗಬೇಕಿದ್ದ ಟ್ರಿಪ್ಟೊಫ್ಯಾನನ್ನು ಬೇರೆ ದಾರಿಗೆ ತಿರುಗಿಸುತ್ತದೆ, ಡೋಪಮಿನ್ ತಯಾರಿಕೆಯನ್ನೂ ಕುಗ್ಗಿಸುತ್ತದೆ. ಹಿಂದೆ ಹೆಪಟೈಟಿಸ್-ಸಿ ರೋಗಿಗಳಿಗೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಿದ್ದಾಗ ಅವರಲ್ಲಿ ಹೆಚ್ಚಿನವರು ಏಳಲಾರದಷ್ಟು ದಣಿಯುತ್ತಿದ್ದರು. ಉರಿಯೂತದ ಸಂದೇಶ ಒಂದೇ ಸಾಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಆದರೆ ನಿಮ್ಮದು ತೂಕಡಿಕೆ ಎಂದಿರಿ. ಹಗಲು ತೂಕಡಿಕೆಯ ಜೊತೆಗೆ ರಾತ್ರಿ ಗೊರಕೆಯಿದ್ದು ಉಸಿರು ಕಟ್ಟಿ ಎಚ್ಚರವಾಗುತ್ತದೆಯೇ ಎಂದು ಮನೆಯವರನ್ನು ಕೇಳಿ.

ಮುಳ್ಳೇರಿಯದ ಮಾಷ್ಟ್ರು · ಸಂಜೆ 6.31

ಕೇಳಬೇಕಾಗಿಲ್ಲ. ಮೂರು ವರ್ಷದಿಂದ ಆಕೆ ಬೇರೆ ಕೋಣೆಯಲ್ಲಿ ಮಲಗುತ್ತಿದ್ದಾಳೆ.

ಉಪ್ಪಳದ ಓದುಗ · ಸಂಜೆ 7.00

2022ರಲ್ಲಿ ಪ್ಯಾರಿಸ್ಸಿನ ವಿಜ್ಞಾನಿಗಳು, ದಿನವಿಡೀ ಕಠಿಣವಾಗಿ ಯೋಚಿಸಿದರೆ ಮೆದುಳಿನ ಮುಂಭಾಗದಲ್ಲಿ ಗ್ಲುಟಮೇಟ್ ಕೂಡುತ್ತದೆ, ದಣಿವಿಗೆ ಅದೇ ಕಾರಣ ಎಂದಿದ್ದರಲ್ಲ? ಎಲ್ಲರೂ ಡೋಪಮಿನ್ ಎನ್ನುತ್ತೀರಿ.

ನೀರ್ಚಾಲಿನವ, ಈಗ ಬೆಂಗಳೂರು · ಸಂಜೆ 7.20

ಒಳ್ಳೆಯ ಅಧ್ಯಯನ. ಆದರೆ ಅದರಲ್ಲಿ ಪಾಲ್ಗೊಂಡವರು ಮುದುಕರಲ್ಲ, ಅದು ಒಂದು ದಿನದ ದಣಿವಿನ ಕಥೆ. ಸಂಜೆ ಕೂಡಿದ್ದು ರಾತ್ರಿಯ ನಿದ್ದೆಯಲ್ಲಿ ತಿಳಿಯಾಗುತ್ತದೆ. ಬೆಳಗ್ಗೆ ಏಳುವಾಗಲೇ ಇರುವ ದಣಿವಿಗೆ ಆ ವಿವರಣೆ ಸಾಲದು.

ಪೆರ್ಲದ ಸೊಸೆ · ರಾತ್ರಿ 9.50

ಎಲ್ಲರಿಗೂ ಕೃತಜ್ಞತೆಗಳು. ಊಟವಾದ ಮೇಲೆ ಕಪಾಟಿನಿಂದ ಲೆಕ್ಕದ ಪುಸ್ತಕಗಳನ್ನು ತೆಗೆದೆ. 2017ರ ಪುಸ್ತಕದಲ್ಲಿ ಮಾವನವರ ಅಕ್ಷರ ಗೆರೆಯಿಂದ ಗೆರೆಗೆ ತುಂಬಿಕೊಂಡಿದೆ, "ಚಾಲಿ", "ಪಠೋರ" ಎಂದು ಅಡಿಕೆಯ ಬಗೆಗಳನ್ನು ಬರೆದದ್ದನ್ನು ಮಾರು ದೂರದಿಂದ ಓದಬಹುದು. ಈ ವರ್ಷದ್ದರಲ್ಲಿ ಸಾಲಿನ ಆರಂಭದಲ್ಲಿ ಅಕ್ಷರ ಸರಿಯಿದ್ದು, ಕೊನೆಗೆ ಬರುವಷ್ಟರಲ್ಲಿ ಇರುವೆ ಸಾಲಿನಂತೆ ಕಿರಿದಾಗಿದೆ. ಎಷ್ಟು ಕ್ವಿಂಟಾಲ್ ಎಂಬುದು ಅವರಿಗೇ ಓದಲು ಬರಲಿಲ್ಲ. ಕನ್ನಡಕ ಬದಲಿಸಬೇಕು ಎಂದರು.

ಮಾತ್ರೆಗಳ ಚೀಲವನ್ನೂ ಹಾಸಿಗೆಯ ಮೇಲೆ ಸುರಿದು ನೋಡಿದೆ. ರಕ್ತದೊತ್ತಡದ್ದು ಒಂದು, ಗ್ಯಾಸ್ಟ್ರಿಕ್‌ನದ್ದು ಒಂದು. ಮೂರನೆಯದು ತಲೆಸುತ್ತಿನ ಮಾತ್ರೆ, ಹೆಸರು ಸಿನ್ನರಿಜಿನ್ ಎಂದಿದೆ. ಮೂರು ವರ್ಷದ ಹಿಂದೆ ತಲೆ ತಿರುಗಿ ಬಿದ್ದಾಗ ಹದಿನೈದು ದಿನಕ್ಕೆಂದು ಬರೆದುಕೊಟ್ಟದ್ದು. ಒಳ್ಳೆಯದಾಯಿತೆಂದು ಮಾವನವರು ಹಳೆಯ ಚೀಟಿ ತೋರಿಸಿ ಅದನ್ನೇ ತರಿಸಿಕೊಳ್ಳುತ್ತಾ ಬಂದಿದ್ದಾರೆ.

ಬದಿಯಡ್ಕದ ಮೆಡಿಕಲ್ ಅಂಗಡಿ · ರಾತ್ರಿ 9.58

ಅಕ್ಕಾ, ಇದು ಮುಖ್ಯವಾದ ಸಂಗತಿ. ಸಿನ್ನರಿಜಿನ್ ಡೋಪಮಿನ್ ಗ್ರಾಹಕಗಳಿಗೂ ಅಡ್ಡ ನಿಲ್ಲುತ್ತದೆ. ಹಿರಿಯರು ಅದನ್ನು ದೀರ್ಘಕಾಲ ತಿಂದರೆ ಪಾರ್ಕಿನ್ಸನ್‌ನಂತೆಯೇ ಕಾಣುವ ನಿಧಾನ, ಬಿಗಿತ, ಸುಸ್ತು ಬರಬಹುದು. ವಾಂತಿ ನಿಲ್ಲಿಸಲು ಕೊಡುವ ಮೆಟೊಕ್ಲೊಪ್ರಮೈಡ್, ಪ್ರೋಕ್ಲೋರ್‌ಪೆರಜಿನ್ ಮಾತ್ರೆಗಳದ್ದೂ ಇದೇ ಕಥೆ. ಇದರ ಸಮಾಧಾನದ ಬದಿಯೆಂದರೆ, ಮಾತ್ರೆಯೇ ಕಾರಣವಾಗಿದ್ದರೆ ನಿಲ್ಲಿಸಿದ ಮೇಲೆ ಹಲವು ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ಇಳಿಯುತ್ತದೆ.

ನೀರ್ಚಾಲಿನವ, ಈಗ ಬೆಂಗಳೂರು · ರಾತ್ರಿ 10.06

ಇಳಿಯದೆಯೂ ಇರಬಹುದು. ಒಳಗೇ ಮೊಳೆಯುತ್ತಿದ್ದ ಕಾಯಿಲೆಯನ್ನು ಮಾತ್ರೆ ಹೊರಗೆಳೆದಿರುವ ಸಾಧ್ಯತೆಯೂ ಇದೆ. ನನ್ನ ಧಾರಣೆಯ ಲೆಕ್ಕ ತಪ್ಪಾಗಲಿಲ್ಲ, ಆದರೆ ತಕ್ಕಡಿಯ ಮೇಲೆ ಯಾರೋ ಕೈಯಿಟ್ಟಿರಬಹುದೆಂದು ನಾನು ಮೊದಲೇ ಕೇಳಬೇಕಿತ್ತು. ನರರೋಗ ತಜ್ಞರಿಗೇ ತೋರಿಸಿ.

ಪೆರ್ಲದ ಸೊಸೆ · ರಾತ್ರಿ 10.15

ಗುರುವಾರಕ್ಕೆ ಮಂಗಳೂರಿನಲ್ಲಿ ಸಮಯ ಸಿಕ್ಕಿದೆ. ನಮ್ಮವರು ಪುಸ್ತಕ ನೋಡಿದ ಮೇಲೆ ನಾಟಕದ ಮಾತು ಆಡಿಲ್ಲ, ತಾನೇ ಬರುತ್ತೇನೆ ಎಂದಿದ್ದಾರೆ. ಅಲ್ಲಿಯವರೆಗೆ ಆ ಮಾತ್ರೆ ಕೊಡುವುದೋ ಬೇಡವೋ?

ಬದಿಯಡ್ಕದ ಮೆಡಿಕಲ್ ಅಂಗಡಿ · ರಾತ್ರಿ 10.19

ನಾಳೆ ಬೆಳಗ್ಗೆ ನಿಮ್ಮ ಊರಿನ ವೈದ್ಯರಿಗೆ ಫೋನ್ ಮಾಡಿ ಕೇಳಿ, ನನ್ನ ಮಾತಿಗೆ ನಿಲ್ಲಿಸಬೇಡಿ. ರಕ್ತದೊತ್ತಡದ್ದನ್ನಂತೂ ತಪ್ಪಿಸಲೇಬೇಡಿ. ಗುರುವಾರ ಹೋಗುವಾಗ ಚೀಟಿ ಮಾತ್ರ ಸಾಲದು, ಮಾತ್ರೆಯ ಚೀಲವನ್ನು ಹಾಗೆಯೇ ಒಯ್ಯಿರಿ, ಖಾಲಿಯಾದ ಪಟ್ಟಿಗಳನ್ನೂ ಬಿಸಾಡಬೇಡಿ. ಎರಡು ಲೆಕ್ಕದ ಪುಸ್ತಕಗಳೂ ಜೊತೆಗಿರಲಿ.

ಕುಂಬಳೆಯ ದಾದಿ · ರಾತ್ರಿ 10.24

ಸೋಡಿಯಂ, ಬಿ12 ನಾಳೆಯೇ ಮಾಡಿಸಿ. ಹಗಲು ಹೊತ್ತಿನಲ್ಲಿ ಜಗಲಿಯಿಂದ ಅಂಗಳಕ್ಕಿಳಿಯುವ ಆ ಮೆಟ್ಟಿಲ ಬಳಿ ಹಿಡಿದುಕೊಳ್ಳಲು ಏನಾದರೂ ಇದೆಯೇ?

ಪೆರ್ಲದ ಸೊಸೆ · ರಾತ್ರಿ 10.27

ಇಲ್ಲ. ನಾಳೆ ಒಂದು ಅಡಿಕೆ ಸಲಾಕೆ ಕಟ್ಟಿಸುತ್ತೇನೆ.